ಎಂಟು ಪಿಕ್ಸೆಲ್‌ಗಳ ಜಿಗಿತವನ್ನು ನಡಿಗೆಯಾಗಿಸುವ ಕಸುಬು

1990ರಲ್ಲಿ ಬಂದ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಆಟದಲ್ಲಿ ಕಡಲ್ಗಳ್ಳನಾಗಬೇಕೆಂದು ಹೊರಟ ಗೈಬ್ರಷ್ ಬಂದರಿನ ಬೀದಿಯಲ್ಲಿ ನಡೆದರೆ, ಬೀದಿಯೂ ಅವನ ಜೊತೆ ಸರಿಯುತ್ತದೆ. ಆದರೆ ಡಾಸ್ ಕಂಪ್ಯೂಟರುಗಳಲ್ಲಿ ಅದು ಸರಾಗವಾಗಿ ಸರಿಯುತ್ತಿರಲಿಲ್ಲ. ಎಂಟೆಂಟು ಪಿಕ್ಸೆಲ್ ಹಾರಿ ಹಾರಿ ಹೋಗುತ್ತಿತ್ತು.

ಕಾರಣ ‘ಸ್ಕಮ್’ ಎಂಬ ತಂತ್ರಾಂಶದಲ್ಲಿತ್ತು. ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನ ರಾನ್ ಗಿಲ್ಬರ್ಟ್ ಮತ್ತು ಸಂಗಡಿಗರು 1987ರ ‘ಮೇನಿಯಾಕ್ ಮ್ಯಾನ್ಶನ್’ ಆಟಕ್ಕೆಂದು ಕಟ್ಟಿದ್ದು ಅದು. 320 ಪಿಕ್ಸೆಲ್ ಅಗಲದ ಪರದೆಯನ್ನು ತಲಾ ಎಂಟು ಪಿಕ್ಸೆಲ್‌ಗಳ 40 ಪಟ್ಟಿಗಳಾಗಿ ಅದು ನೋಡುತ್ತಿತ್ತು. ಬೀದಿ ಸರಿದಾಗ ಅಂಚಿನಲ್ಲಿ ಹೊಸದೊಂದು ಪಟ್ಟಿ ಬರೆದರೆ ಸಾಕು. ಅಂದಿನ ನಿಧಾನದ ಯಂತ್ರಗಳಿಗೆ ಅದು ಜಾಣ ಉಪಾಯ.

2001ರಲ್ಲಿ ಲುಡ್ವಿಗ್ ಸ್ಟ್ರಿಗಿಯಸ್ ಆರಂಭಿಸಿದ ‘ಸ್ಕಮ್‌ವಿಎಂ’ ಈ ಆಟಗಳಿಗೆ ಮರುಜೀವ ಕೊಟ್ಟಿತು. ಡಾಸ್‌ಬಾಕ್ಸ್ ಹಳೆಯ ಕಂಪ್ಯೂಟರನ್ನೇ ಅನುಕರಿಸಿದರೆ, ಸ್ಕಮ್‌ವಿಎಂ ಆಟ ನಡೆಸುವ ತಂತ್ರಾಂಶವನ್ನು ಹೊಸದಾಗಿ ಬರೆದು ಮೂಲ ಕಡತಗಳನ್ನು ಓದುತ್ತದೆ.

ಸರಾಗ ಚಲನೆಗೆ ಒಂದು ದಾರಿಯಿದೆ. ಪರದೆಗಿಂತ ಒಂದು ಪಟ್ಟಿ ಅಗಲವಾಗಿ, ಅಂದರೆ 328 ಪಿಕ್ಸೆಲ್ ಚಿತ್ರ ಬರೆದುಕೊಂಡು, ಅದರ ಮೇಲೆ ಕಿಟಕಿಯ ಚೌಕಟ್ಟನ್ನು ಸರಿಸಿದಂತೆ ಒಂದೊಂದೇ ಪಿಕ್ಸೆಲ್ ಜರುಗಿಸಿ ತೋರಿಸುವುದು. ಆಟದ ಕತೆ ನಡೆಸುವ ಆದೇಶಗಳು ಕ್ಯಾಮೆರಾ ಎಲ್ಲಿದೆ ಎಂಬುದನ್ನೇ ಕಾದು ಮುಂದುವರಿಯುವುದುಂಟು. ಹಾಗಾಗಿ ಆಟದ ಲೆಕ್ಕದ ಕ್ಯಾಮೆರಾ ಎಂಟರ ಹೆಜ್ಜೆಯಲ್ಲೇ ಇರಬೇಕು, ಕಣ್ಣಿಗೆ ಕಾಣುವ ಚಿತ್ರ ಮಾತ್ರ ನುಣುಪಾಗಬೇಕು. ಮೌಸ್ ಒತ್ತಿದ ಜಾಗವನ್ನೂ ಅದಕ್ಕೆ ತಕ್ಕಂತೆ ತಿದ್ದದಿದ್ದರೆ ಬಾಗಿಲು ಒತ್ತಿದವರಿಗೆ ಗೋಡೆ ಸಿಗುತ್ತದೆ.

ಇಷ್ಟಾದರೂ ತಡವರಿಕೆ ಉಳಿಯಬಹುದು. ಆ ಕಾಲದ ವಿಜಿಎ ಪರದೆ ಈ ಆಟಗಳ ಚಿತ್ರವನ್ನು ಸೆಕೆಂಡಿಗೆ 70 ಸಲ ಮೂಡಿಸುತ್ತಿತ್ತು. ಇಂದಿನ ಬಹುತೇಕ ಪರದೆಗಳದು 60. ಯಂತ್ರವನ್ನೇ ಅನುಕರಿಸುವಾಗ ಪ್ರತಿ ಏಳು ಚಿತ್ರಗಳಲ್ಲಿ ಒಂದನ್ನು ಕೈಬಿಡಬೇಕಾಗುತ್ತದೆ, ಸರಿಯುವ ದೃಶ್ಯ ಆಗಾಗ ಮುಗ್ಗರಿಸುತ್ತದೆ. ಆಟದ ವೇಗಕ್ಕೆ ತಾನೇ ಹೊಂದಿಕೊಳ್ಳುವ ಪರದೆಗಳಲ್ಲಿ ಈ ತೊಡಕಿಲ್ಲ.

ಹಳೆಯ ಆಟವನ್ನು ಉಳಿಸುವುದೆಂದರೆ ಅದರ ಕಡತಗಳನ್ನಷ್ಟೇ ಅಲ್ಲ, ಅದರ ಗತಿಯನ್ನೂ ಉಳಿಸುವುದು. ಆದ್ದರಿಂದ ನುಣುಪು ಆಟಗಾರರ ಆಯ್ಕೆಯಾಗಿರಬೇಕು, ಮೂಲದ ಜಿಗಿತವೂ ಬೇಕೆಂದಾಗ ಸಿಗಬೇಕು. ಕುತೂಹಲವಿದ್ದರೆ, ಹಕ್ಕುದಾರರೇ 2003ರಲ್ಲಿ ಉಚಿತಗೊಳಿಸಿದ ‘ಬಿನೀತ್ ಎ ಸ್ಟೀಲ್ ಸ್ಕೈ’ ಎಂಬ ಸಾಹಸದ ಆಟವನ್ನು ಸ್ಕಮ್‌ವಿಎಂನಲ್ಲಿ ಆಡಿ ನೋಡಿ. ಎರಡಕ್ಕೂ ಕಾಸು ಕೊಡಬೇಕಿಲ್ಲ.