ತಾಯಿತಂದೆಗಳ ತರುವಾಯ ಯಾರು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ, ವಯಸ್ಸಿಗೆ ತಕ್ಕಂತೆ ಬುದ್ಧಿ ಬೆಳೆಯದ ಮಗುವೊಂದನ್ನು ಸಾಕುತ್ತಿರುವ ಮನೆಯಿಲ್ಲದ ಊರು ವಿರಳವೇ ಸರಿ. ಇಂಥ ಮಗುವನ್ನು ಹೆತ್ತವರು ಉಣಿಸುತ್ತಾರೆ, ತೊಡಿಸುತ್ತಾರೆ, ಹೊಲಕ್ಕೆ ಹೋಗುವಾಗ ಒಡನೆ ಕರೆದೊಯ್ಯುತ್ತಾರೆ. ಅವರನ್ನು ಹಗಲಿರುಳು ಕಾಡುವ ಪ್ರಶ್ನೆ ಒಂದೇ: ನಾವು ಕಣ್ಣು ಮುಚ್ಚಿದ ಮೇಲೆ ಇವನ ಗತಿಯೇನು? ಈ ಪ್ರಶ್ನೆಗೆ ಉತ್ತರ ಕೊಡಲಾರದ ಸಹಾಯವು, ಅದು ಮಾಸಾಶನವಿರಲಿ ಪ್ರಮಾಣಪತ್ರವಿರಲಿ, ಪೂರ್ಣವಾದ ಸಹಾಯವೆನಿಸದು ಎಂಬದು ನಮ್ಮ ಅಭಿಪ್ರಾಯ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕಾಗಿದೆ. ಬುದ್ಧಿಯ ಬೆಳವಣಿಗೆಯ ಕೊರತೆಯೇ ಬೇರೆ, ಮನೋರೋಗವೇ ಬೇರೆ. ರೋಗವು ಯಾವ ವಯಸ್ಸಿನಲ್ಲಿಯೂ ಬರಬಹುದು, ಔಷಧದಿಂದ ಹತೋಟಿಗೂ ಬರಬಹುದು. ಈ ಕೊರತೆಯಾದರೋ ಎಳವೆಯಿಂದಲೇ ಇರುವಂಥದು. ಅದಕ್ಕೆ ಮದ್ದಿಗಿಂತ ಮಿಗಿಲಾಗಿ ತಾಳ್ಮೆಯ ಶಿಕ್ಷಣ ಬೇಕು. ಪರಕೀಯ ಸರಕಾರವು 1912ರಲ್ಲಿ ಮಾಡಿದ ಹುಚ್ಚರ ಕಾಯದೆಯು ಇಬ್ಬರನ್ನೂ ಒಂದೇ ಹೆಸರಿನ ಕೆಳಗೆ ಕೂಡಿಸಿತು. 1987ರ ಮಾನಸಿಕ ಆರೋಗ್ಯ ಕಾಯದೆಯು ಅವರನ್ನು ಬೇರ್ಪಡಿಸಿತು. ಕಾಯದೆಯು ತನ್ನನ್ನು ತಿದ್ದಿಕೊಂಡಿತು. ಜನರ ನಾಲಿಗೆಯು ಇನ್ನೂ ತಿದ್ದಿಕೊಂಡಿಲ್ಲ. ಇಂಥ ಹುಡುಗನನ್ನು ಹುಚ್ಚನೆಂದು ಕರೆಯುವ ದುರಭ್ಯಾಸವು ವಿದ್ಯಾವಂತರಲ್ಲಿಯೂ ಉಳಿದಿರುವದು ಖೇದದ ಸಂಗತಿ.

ಕಾಯದೆಗಳ ಕೊರತೆ ಈಗ ಇಲ್ಲ. 1995ರ ಕಾಯದೆಯು ಏಳು ಬಗೆಯ ವೈಕಲ್ಯಗಳಲ್ಲಿ ಬುದ್ಧಿಮಾಂದ್ಯವನ್ನು ಸೇರಿಸಿತಾದರೂ, ಸರಕಾರಿ ನೌಕರಿಯಲ್ಲಿ ಇಟ್ಟ ಶೇಕಡಾ 3ರ ಮೀಸಲಾತಿಯಲ್ಲಿ ಇವರಿಗೆ ಪಾಲು ಕೊಡಲಿಲ್ಲ. 2016ರ ಕಾಯದೆಯು ವೈಕಲ್ಯಗಳ ಎಣಿಕೆಯನ್ನು 21ಕ್ಕೆ ಏರಿಸಿತು. ಸ್ವಲೀನತೆಯನ್ನೂ ಕಲಿಕೆಯ ನ್ಯೂನತೆಯನ್ನೂ ಪ್ರತ್ಯೇಕವಾಗಿ ಹೆಸರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಮೀಸಲಾತಿಯನ್ನು ಶೇಕಡಾ 4ಕ್ಕೆ ಹೆಚ್ಚಿಸಿ, ಅದರಲ್ಲಿಯ 1ರಲ್ಲಿ ಇವರಿಗೂ ಎಡೆ ಮಾಡಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ವಿಕಲಚೇತನರು 13 ಲಕ್ಷ 24 ಸಾವಿರ. ಇಡೀ ದೇಶದಲ್ಲಿ ಬುದ್ಧಿಮಾಂದ್ಯರೆಂದು ಎಣಿಕೆಯಾದವರೇ 15 ಲಕ್ಷ. ಇಷ್ಟು ಜನರಿಗೆ ಕಾಗದದ ಮೇಲೆ ದೊರೆತ ಹಕ್ಕು ಮನೆಯ ಬಾಗಿಲಿಗೆ ಬಂದು ಮುಟ್ಟಿತೇ ಎಂಬದೇ ಈಗಿನ ವಿಚಾರ.

ಹಕ್ಕಿನ ದಾರಿಯಲ್ಲಿ ಮೊದಲನೆಯ ಗೇಟು ಪ್ರಮಾಣಪತ್ರ. ಕಾಲಿನ ಊನವನ್ನು ವೈದ್ಯರು ನೋಡಿದೊಡನೆ ಗುರುತಿಸಬಲ್ಲರು. ಬುದ್ಧಿಯ ಕೊರತೆಯನ್ನು ಅಳೆಯಲು ಪರೀಕ್ಷೆಗಳು ಬೇಕು, ಅವನ್ನು ನಡೆಸಲು ತರಬೇತಿ ಹೊಂದಿದ ಮನಶ್ಶಾಸ್ತ್ರಜ್ಞರು ಬೇಕು. ತಾಲೂಕಿನ ದವಾಖಾನೆಯಲ್ಲಿ ಅಂಥವರು ಸಿಗುವದು ದುರ್ಲಭವಾದ್ದರಿಂದ ಜಿಲ್ಲೆಯ ಮುಖ್ಯ ಸ್ಥಳಕ್ಕೆ ಹೋಗುವದು ಅನಿವಾರ್ಯವಾಗುತ್ತದೆ. ರಾಮದುರ್ಗದಿಂದ ಬೆಳಗಾವಿಗೆ ನೂರು ಕಿಲೋಮೀಟರಿನಷ್ಟು ಹಾದಿ. ಅದೂ ಒಂದು ಸಲಕ್ಕೆ ಮುಗಿಯುವದಿಲ್ಲ. 2018ರಲ್ಲಿ ಪ್ರಕಟವಾದ ಮಾರ್ಗಸೂಚಿಯು ಎಳೆಯ ಮಕ್ಕಳಿಗೆ ತಾತ್ಕಾಲಿಕ ಪತ್ರವನ್ನಷ್ಟೇ ಕೊಟ್ಟು, 5, 10 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆಯನ್ನು ವಿಧಿಸಿತು. ಮಗು ಬೆಳೆದಂತೆ ಅದರ ಶಕ್ತಿಯೂ ಬದಲಾಗಬಹುದೆಂಬ ಕಾರಣ ಯುಕ್ತವಾದದ್ದೇ. ಆದರೆ ಬಸ್ಸಿನ ಗದ್ದಲಕ್ಕೆ ಬೆದರುವ ಮಗುವನ್ನು ಕಟ್ಟಿಕೊಂಡು, ಒಂದು ದಿನದ ಕೂಲಿಯನ್ನು ಬಿಟ್ಟು ಹೋಗುವ ತಾಯಿಗೆ ಪ್ರತಿಯೊಂದು ಪರೀಕ್ಷೆಯೂ ಒಂದೊಂದು ಯಾತ್ರೆಯಾಗುತ್ತದೆ. ಮಗು ಪರೀಕ್ಷಕರ ಬಳಿಗೆ ಹೋಗುವದಕ್ಕಿಂತ ಪರೀಕ್ಷಕರೇ ಮಗುವಿನ ಬಳಿಗೆ ಬರುವದು ಸುಲಭವಲ್ಲವೇ?

ಎರಡನೆಯದು ಶಾಲೆ. ಸರ್ವೋಚ್ಚ ನ್ಯಾಯಾಲಯವು 2021ರ ತೀರ್ಪಿನಲ್ಲಿ, ಇಂಥ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರ ಪ್ರಮಾಣವನ್ನು ಗೊತ್ತುಪಡಿಸಬೇಕೆಂದು ಹೇಳಿದೆ. ನಮ್ಮ ವ್ಯವಸ್ಥೆಯಲ್ಲಿ ತಾಲೂಕಿಗೆ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು ಶಾಲೆಯಿಂದ ಶಾಲೆಗೆ ತಿರುಗಬೇಕು. ಶಾಲೆಗೆ ಬರಲಾರದ ಮಕ್ಕಳ ಮನೆಗೂ ಹೋಗಿ ಕಲಿಸಬೇಕು. ಒಬ್ಬ ಶಿಕ್ಷಕನು ಹತ್ತಾರು ಹಳ್ಳಿಗಳಲ್ಲಿ ಹಂಚಿಹೋದರೆ ಮಗುವಿಗೆ ದೊರೆಯುವದು ಪಾಠವಲ್ಲ, ಭೇಟಿ ಮಾತ್ರ. ಗುಂಡಿ ಹಾಕಿಕೊಳ್ಳುವದು, ಹಣವನ್ನು ಗುರುತಿಸುವದು, ಒಂಟಿಯಾಗಿ ಅಂಗಡಿಗೆ ಹೋಗಿಬರುವದು ಇವು ನಿತ್ಯದ ಅಭ್ಯಾಸದಿಂದ ಬರತಕ್ಕ ವಿದ್ಯೆಗಳು.

ಎಲ್ಲಕ್ಕಿಂತ ಕಠಿಣವಾದದ್ದು 18 ತುಂಬಿದ ಮೇಲಿನ ಬಾಳು. ಶಾಲೆಯ ಬಾಗಿಲು ಮುಚ್ಚುತ್ತದೆ, ಮನೆಯ ಮೂಲೆ ತೆರೆಯುತ್ತದೆ. ಮುಂದೆ ಹೊಲದ ಪಾಲಾಗುವ ಕಾಲಕ್ಕೆ ಉತಾರದಲ್ಲಿ ಅವನ ಹೆಸರು ಉಳಿಯುವದೇ, ಉಳಿದರೂ ಬೆಳೆ ಅವನ ಹೊಟ್ಟೆಗೆ ಸೇರುವದೇ ಎಂಬದು ಅಣ್ಣತಮ್ಮಂದಿರ ಸದ್ಬುದ್ಧಿಯನ್ನೇ ಅವಲಂಬಿಸಿರುತ್ತದೆ. ಇದಕ್ಕಾಗಿಯೇ 1999ರ ರಾಷ್ಟ್ರೀಯ ನ್ಯಾಸ ಕಾಯದೆಯು ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿಗೆ ಪಾಲಕರನ್ನು ನೇಮಿಸುವ ಅಧಿಕಾರವನ್ನು ಕೊಟ್ಟಿದೆ. ಪಾಲಕನು ಆರು ತಿಂಗಳೊಳಗೆ ಸ್ಥಿರಾಸ್ತಿಯ ಪಟ್ಟಿಯನ್ನು ಒಪ್ಪಿಸಬೇಕು, ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು. ದುರುಪಯೋಗ ಮಾಡಿದರೆ ಅವನನ್ನು ತೆಗೆದುಹಾಕಬಹುದು. 2016ರ ಕಾಯದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಲಕನು ಆ ವ್ಯಕ್ತಿಯ ಬದಲಿಗೆ ಅಲ್ಲ, ಅವನ ಜತೆಗೂಡಿ ನಿರ್ಣಯಿಸಬೇಕೆಂದು ಹೇಳಿದೆ. ಇಷ್ಟು ಒಳ್ಳೆಯ ಏರ್ಪಾಡು ಇರುವದು ತಿಳಿಯಬೇಕಾದವರಿಗೇ ತಿಳಿಯದೆ ಹೋದರೆ ಅದರಿಂದೇನು ಫಲ?

ಆದಕಾರಣ ನಮ್ಮ ಸೂಚನೆ ಇಷ್ಟೇ. ಉಪವಿಭಾಗದ ಕೇಂದ್ರವಾದ ಬೈಲಹೊಂಗಲದಲ್ಲಿ ನಾಲ್ಕೂ ತಾಲೂಕುಗಳಿಗೆ ಒಂದು ಸ್ಥಿರ ಕೇಂದ್ರವಿರಲಿ. ಅಲ್ಲಿಂದ ಮನಶ್ಶಾಸ್ತ್ರಜ್ಞರು ತಿಂಗಳಿಗೊಂದು ಗೊತ್ತಾದ ದಿನ ಕಿತ್ತೂರಿಗೆ, ಸವದತ್ತಿಗೆ, ರಾಮದುರ್ಗಕ್ಕೆ ಹೋಗಲಿ. ಆಗಾಗ ನಡೆಯುವ ಶಿಬಿರಗಳಿಂದ ಈ ಕೆಲಸವಾಗದು. ಶಿಬಿರ ಎದ್ದುಹೋಗುತ್ತದೆ, ಮಗು ಅಲ್ಲಿಯೇ ಉಳಿಯುತ್ತದೆ. ಪಾಲಕರ ಸಮಿತಿಯು ವರ್ಷಕ್ಕೆ ಎರಡು ಸಲವಾದರೂ ಈ ಊರುಗಳಲ್ಲಿ ಕೂಡಿ ಅರ್ಜಿಗಳನ್ನು ಕೇಳಲಿ. ಗ್ರಾಮ ಪಂಚಾಯತಿಗಳಲ್ಲಿ ಗೌರವಧನದ ಮೇಲೆ ದುಡಿಯುತ್ತಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಈ ಮಕ್ಕಳನ್ನು ಎಳವೆಯಲ್ಲಿಯೇ ಗುರುತಿಸುವ ತರಬೇತಿಯೂ, ಹೊಟ್ಟೆ ತುಂಬುವಷ್ಟು ಪಗಾರವೂ ದೊರೆಯಲಿ. ಬೆಳೆದವರಿಗೆ ಹಗಲಿನ ಕಾರ್ಯಶಾಲೆಗಳು ಬೇಕು. ಮಗ್ಗಗಳ ಊರಾದ ರಾಮದುರ್ಗದಲ್ಲಿ ನೂಲು ಸುತ್ತುವ ಕೆಲಸ, ಯಾತ್ರಿಕರು ನೆರೆಯುವ ಯಲ್ಲಮ್ಮನ ಗುಡ್ಡದ ಕೆಳಗೆ ಪೊಟ್ಟಣ ಕಟ್ಟುವ ಕೆಲಸ ಇವರ ಕೈಗೆ ನಿಲುಕದವೇನೂ ಅಲ್ಲ.

ಇದಕ್ಕೆ ಹಣವೆಲ್ಲಿ ಎಂದು ಕೇಳುವವರುಂಟು. ಹೊಸ ಕಟ್ಟಡವನ್ನಾಗಲಿ ಹೊಸ ಇಲಾಖೆಯನ್ನಾಗಲಿ ನಾವು ಬೇಡುತ್ತಿಲ್ಲ. ದವಾಖಾನೆಗಳಿವೆ, ಕಚೇರಿಗಳಿವೆ; ಅಧಿಕಾರಿಗಳು ದಿನ ಗೊತ್ತುಮಾಡಿಕೊಂಡು ಹೊರಡುವದಷ್ಟೇ ಮೊದಲ ಖರ್ಚು. ಪಟ್ಟಣಿಗರಿಗೂ ಒಂದು ಕರ್ತವ್ಯವಿದೆ. ವಕೀಲರು ಪಾಲಕತ್ವದ ಅರ್ಜಿಗಳನ್ನು ಧರ್ಮಾರ್ಥವಾಗಿ ಬರೆದುಕೊಡಲಿ, ವರ್ತಕರು ತಮ್ಮ ಅಂಗಡಿಯಲ್ಲಿ ಇಂಥ ಒಬ್ಬನಿಗಾದರೂ ಕೆಲಸ ಕೊಡಲಿ. ಮುಪ್ಪಿನ ತಾಯಿಯೊಬ್ಬಳು ನಿಶ್ಚಿಂತೆಯಿಂದ ಕಣ್ಣು ಮುಚ್ಚುವಂತಾದರೆ, ಈ ಸುಧಾರಣೆ ಸಾರ್ಥಕವಾಯಿತೆಂದು ಅಂದು ಹೇಳಬಹುದು. ಅಲ್ಲಿಯವರೆಗೆ ನಮ್ಮ ಕಾಯದೆಗಳು ಪುಸ್ತಕದ ಅಲಂಕಾರಗಳಷ್ಟೇ.