ಎಫ್‌ಸಿ ಗಾಡಿಗೆ ಎಫ್‌ಸಿ ಇಲ್ಲ!

‘ಗುಜರಿಯವನೇ ಬೇಡ ಅಂತ ಬಿಟ್ಟುಹೋದ ಗಾಡಿಗೆ ದುಡ್ಡು ಕೊಟ್ಟು ಬಂದಿದ್ದೀಯಲ್ಲೋ, ನಿಂಗೇನು ತಲೆ ಕೆಟ್ಟಿದ್ಯಾ?’

ಅಮ್ಮ ಬಾಯಿಗೆ ಬಂದಂತೆ ಬೈದಳು. ಅಪ್ಪ ಒಂದು ಮಾತೂ ಆಡಲಿಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೇ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಒಂದು ವರ್ಷದಿಂದ ಮನೆಯಲ್ಲೇ ಕೂತಿದ್ದ ಮಗ ಬೆಂಗಳೂರಿಗೆ ಹೋಗಿ ಸರ್ಕಾರಿ ಕೆಲಸದ ಪರೀಕ್ಷೆಗೆ ಕೋಚಿಂಗ್ ಸೇರಲಿ ಎಂದು ಅಪ್ಪ ಕಾಳುಮೆಣಸು ಮಾರಿ 90 ಸಾವಿರ ಕೊಟ್ಟಿದ್ದ. ಅದರಲ್ಲಿ 55 ಸಾವಿರವನ್ನು ನಾನು ತುಕ್ಕು ಹಿಡಿದ ಒಂದು ಗಾಡಿಗೆ ಸುರಿದು ಬಂದಿದ್ದೆ.

ಗಾಡಿ ಯಾವುದು ಅಂತೀರಾ? ಮಹೀಂದ್ರ ಎಫ್‌ಸಿ–150. ಮೂಡಿಗೆರೆ ಕಡೆಯ ನಮ್ಮೂರಿನ ಪಕ್ಕದ ಎಸ್ಟೇಟಿನ ಶೆಡ್ಡಿನಲ್ಲಿ ನಾನು ಹುಟ್ಟುವ ಮೊದಲೇ ಕೆಟ್ಟು ನಿಂತಿತ್ತು. ಹುಡುಗರಾಗಿದ್ದಾಗ ನಾವು ಅದರೊಳಗೆ ಕೂತು ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದೆವು. ನಾನು ಕೊಳ್ಳುವ ಹೊತ್ತಿಗೆ ಕಿಟಕಿಯಿಂದ ಒಳಹೊಕ್ಕ ಮೆಣಸಿನ ಬಳ್ಳಿ ಸ್ಟೇರಿಂಗಿಗೆ ಸುತ್ತಿಕೊಂಡಿತ್ತು.

ಮೂತಿ ಹೋಗಿದ್ದೇಕೆ?

ಎಫ್‌ಸಿ ಅಂದರೆ ಫಾರ್ವರ್ಡ್ ಕಂಟ್ರೋಲ್. ಇದರಲ್ಲಿ ಚಾಲಕ ಕೂರುವುದು ಎಂಜಿನ್ನಿನ ಹಿಂದೆ ಅಲ್ಲ, ಅದರ ಪಕ್ಕ, ಮುಂದಿನ ಚಕ್ರಗಳ ಮೇಲೆ. ಇಂಥ ಗಾಡಿಗಳಿಗೆ ಕ್ಯಾಬ್ ಓವರ್ ಎನ್ನುತ್ತಾರೆ. ಅಮೆರಿಕದ ವಿಲ್ಲೀಸ್ ಕಂಪನಿ ಇದನ್ನು ಹೊರತಂದದ್ದು 1956ರಲ್ಲಿ. ಜೀಪಿನ 81 ಇಂಚಿನ ವೀಲ್‌ಬೇಸನ್ನೇ ಉಳಿಸಿಕೊಂಡು ಕ್ಯಾಬಿನ್ ಮುಂದಕ್ಕೆ ತಳ್ಳಿದ್ದರಿಂದ ಹಿಂದೆ ಆರಡಿಗೂ ಉದ್ದದ ತೊಟ್ಟಿಗೆ ಜಾಗ ಸಿಕ್ಕಿತು. ಅಲ್ಲಿ ಈ ಸರಣಿಯ ಗಾಡಿಗಳು ತಯಾರಾದದ್ದು ಒಟ್ಟು 30 ಸಾವಿರದಷ್ಟು. 1960ರ ದಶಕದ ಮಧ್ಯದಲ್ಲಿ ಅಲ್ಲಿ ನಿಂತ ಗಾಡಿ ನಮ್ಮಲ್ಲಿ ಮಹೀಂದ್ರ ಹೆಸರಿನಲ್ಲಿ ಮುಂದುವರಿಯಿತು.

ಅಮೆರಿಕದಲ್ಲಿ ದೊಡ್ಡ ಲಾರಿಗಳೂ ಒಂದು ಕಾಲಕ್ಕೆ ಹೀಗೇ ಮೂತಿಯಿಲ್ಲದೆ ಇದ್ದವು. ಅಲ್ಲಿನ ರಾಜ್ಯಗಳು ಲಾರಿಯ ಒಟ್ಟು ಉದ್ದಕ್ಕೆ ಮಿತಿ ಹಾಕಿದ್ದವು. ಮೂತಿ ಕಮ್ಮಿಯಾದಷ್ಟೂ ಸರಕಿಗೆ ಜಾಗ. 1982ರ ಕಾನೂನು ಮುಖ್ಯ ಹೆದ್ದಾರಿಗಳಲ್ಲಿ ಒಟ್ಟು ಉದ್ದದ ಮಿತಿಯನ್ನು ತೆಗೆದು, ಟ್ರೇಲರಿನ ಉದ್ದವನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಮೂತಿ ವಾಪಸ್ ಬಂತು. ಇಕ್ಕಟ್ಟು ರಸ್ತೆಗಳ ಯುರೋಪ್, ಜಪಾನ್ ಮತ್ತು ನಮ್ಮಲ್ಲಿ ಚಪ್ಪಟೆ ಮುಖದ ಲಾರಿಗಳೇ ಗೆದ್ದವು.

ಮೊದಲ ತಪ್ಪು ಕಾಗದದ್ದು

ಗಾಡಿಯನ್ನು ಅಷ್ಟು ನೋಡಿದವನು ಕಾಗದ ನೋಡಲಿಲ್ಲ. ಎಸ್ಟೇಟಿನವರು ‘ಆರ್‌ಸಿ ಇದೆ’ ಅಂದರು, ನಂಬಿ ದುಡ್ಡು ಕೊಟ್ಟೆ. ಆರ್‌ಸಿ ಇದ್ದದ್ದು ತೀರಿಹೋದ ಹಿರಿಯ ಯಜಮಾನರ ಹೆಸರಿನಲ್ಲಿ! ಮಾಲೀಕರು ತೀರಿಕೊಂಡಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬದಲಾಗಬೇಕು, ಆಮೇಲೆ ಫಾರಂ 29 ಮತ್ತು 30ರಲ್ಲಿ ಕೊಂಡವರ ಹೆಸರಿಗೆ. ಯಜಮಾನರ ಮಗಳು ಇರುವುದು ದುಬೈನಲ್ಲಿ. ಅವರ ಒಪ್ಪಿಗೆ ಪತ್ರ ಬರುವಷ್ಟರಲ್ಲಿ ಏಳು ತಿಂಗಳು ಕಳೆಯಿತು. ಹಳೇ ಗಾಡಿ ಕೊಳ್ಳುವವರು ದಯವಿಟ್ಟು ಮೊದಲು ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿರುವ ನಂಬರಿನ ಜೊತೆ ತಾಳೆ ನೋಡಿ. ತೆರಿಗೆ ಬಾಕಿ, ಸಾಲದ ನಮೂದು ಇದೆಯೇ ಕೇಳಿ. ಎಂಜಿನ್ ಶಬ್ದ ಕೇಳುವುದು ಆಮೇಲೆ.

‘ಮೊದ್ಲು ನಿಲ್ಲೋದು ಕಲಿಸು’

ರಿಪೇರಿಗೆ ನನಗೆ ಗತಿಯಾದದ್ದು ಪೇಟೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ, ಎಪ್ಪತ್ತು ದಾಟಿದ ಮೇಸ್ತ್ರಿ. ಮೊದಲ ದಿನವೇ ನಾನು ಮೊಬೈಲಿನಲ್ಲಿ ಬಣ್ಣಗಳ ಫೋಟೊ ತೋರಿಸಿದೆ. ‘ಮಾರಾಯ, ಮೊದ್ಲು ಅದಕ್ಕೆ ನಿಲ್ಲೋದು ಕಲಿಸು, ಆಮೇಲೆ ಓಡೋದು. ಬಣ್ಣ ಕೊನೆಗೆ’ ಅಂದರು.

ಒಂದು ತಿಂಗಳು ಬಿಚ್ಚುವುದು, ಬರೆಯುವುದು, ಅಷ್ಟೇ ಕೆಲಸ. ಪ್ರತಿ ವೈರಿಗೆ ಟೇಪ್ ಅಂಟಿಸಿ ನಂಬರ್ ಹಾಕಿದೆ. ಪ್ರತಿ ಬೋಲ್ಟಿಗೆ ಅದರದೇ ಡಬ್ಬಿ. ಡಿಪ್ಲೊಮಾದಲ್ಲಿ ಎಂಜಿನ್ನಿನ ಚಿತ್ರ ಬರೆದು ಒಳ್ಳೇ ಅಂಕ ತೆಗೆದವನು ನಾನು. ಪಿಸ್ಟನ್ನನ್ನು ಕೈಯಲ್ಲಿ ಹಿಡಿದದ್ದು ಮಾತ್ರ ಇದೇ ಮೊದಲು!

ಈಗಿನ ಲಾರಿಗಳ ಕ್ಯಾಬಿನ್ ಮುಂದಕ್ಕೆ ಬಾಗುತ್ತದೆ, ಎಂಜಿನ್ ಕಣ್ಣೆದುರಿಗೆ ಬರುತ್ತದೆ. ಇದರದ್ದು ಬಾಗುವುದಿಲ್ಲ. ಎರಡು ಸೀಟುಗಳ ನಡುವಿನ ಮುಚ್ಚಳ ತೆಗೆದು, ಮೈ ಮಡಚಿಕೊಂಡು ಕೈ ಹಾಕಬೇಕು. ಎಂಜಿನ್ ಜಾಮ್ ಆಗಿತ್ತು. ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಆಯಿಲ್ ಬೆರೆಸಿ ಸಿಲಿಂಡರುಗಳಿಗೆ ಹೊಯ್ದು ವಾರ ಕಾದೆವು. ಎಂಟನೇ ದಿನ ಹ್ಯಾಂಡಲ್ ತಿರುಗಿಸಿದಾಗ ಒಂದಿಂಚು ಅಲುಗಿತು. ಆ ಒಂದಿಂಚಿನ ಖುಷಿ ನನಗೆ ಡಿಪ್ಲೊಮಾ ಫಲಿತಾಂಶದ ದಿನವೂ ಆಗಿರಲಿಲ್ಲ.

ಇದರ ಹರಿಕೇನ್ ಎಫ್–134 ಎಂಜಿನ್ ಹಳೇ ಜೀಪುಗಳದ್ದೇ: ನಾಲ್ಕು ಸಿಲಿಂಡರ್, 2.2 ಲೀಟರ್. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಎರಡು ದಿನ ಅಲೆದು ರಿಂಗ್ ಸೆಟ್, ಗ್ಯಾಸ್ಕೆಟ್ ತಂದೆ. ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸದಾಗಿ ಹಾಕಬೇಕಾಯಿತು. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್ ಆ ಕಾಲದ ರಬ್ಬರನ್ನು ತಿಂದುಹಾಕುತ್ತದೆ.

ಗೇಟಿನ ಬಳಿ ಅಪ್ಪ ನಿಂತಿದ್ದ

ಒಂಬತ್ತನೇ ತಿಂಗಳು ಗಾಡಿ ಸ್ಟಾರ್ಟ್ ಆಯಿತು. ಅಷ್ಟರಲ್ಲಿ ದುಡ್ಡು ಖಾಲಿ. ಭಾನುವಾರ ಗ್ಯಾರೇಜಿನಲ್ಲಿ, ಸುಗ್ಗಿಯಲ್ಲಿ ಕಾಫಿ ಕೊಯ್ಲಿನ ಲೆಕ್ಕ ಬರೆದು ದುಡಿಯುತ್ತಿದ್ದೆ. ನಾಲ್ಕು ಚಕ್ರದ ಬ್ರೇಕಿನಲ್ಲಿ ಮೂರರ ವೀಲ್ ಸಿಲಿಂಡರ್ ರಬ್ಬರ್ ಬದಲಿಸಿದೆ. ನಾಲ್ಕನೆಯದು ‘ಇನ್ನೂ ಚೆನ್ನಾಗಿದೆ’ ಎಂದುಕೊಂಡು ತೊಳೆದು ಅದನ್ನೇ ಹಾಕಿದೆ. ಮೇಸ್ತ್ರಿಗೆ ಹೇಳಲಿಲ್ಲ.

ನಮ್ಮ ತೋಟದ ಇಳಿಜಾರಿನಲ್ಲಿ ಮೊದಲ ಸಲ ಓಡಿಸಿದೆ. ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು. ಹಳೇ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲಿನ ಲೈನ್ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಇಲ್ಲ. ಮುಂದೆ ಬಾನೆಟ್ಟೂ ಇಲ್ಲ. ಗುದ್ದಿದರೆ ಮೊದಲು ತಾಗುವುದು ನಮ್ಮ ಮೊಣಕಾಲಿಗೇ. ಕೆಳಗೆ ಗೇಟಿನ ಬಳಿ ಅಪ್ಪ ನಿಂತಿದ್ದ. ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ಪಕ್ಕದ ಗೊಬ್ಬರದ ಗುಂಡಿಗೆ ತಿರುಗಿಸಿದೆ. ನಾಲ್ಕು ಕಾಫಿ ಗಿಡ ಮುರಿದು ಗಾಡಿ ನಿಂತಿತು.

ಕೈಕಾಲು ನಡುಗುತ್ತಿದ್ದವು. ಅಪ್ಪ ನಿಧಾನ ಬಂದು ಚಕ್ರದ ಕೆಳಗೆ ಸೋರಿದ್ದ ಎಣ್ಣೆ ನೋಡಿದ. ‘ಆ ರಬ್ಬರಿಗೆ ಎಷ್ಟು?’ ಎಂದು ಕೇಳಿದ. ‘ಇನ್ನೂರು ರೂಪಾಯಿಯೊಳಗೆ’ ಎಂದೆ. ಜೇಬಿನಿಂದ ಐನೂರರ ನೋಟು ತೆಗೆದು ಕೊಟ್ಟು, ‘ನಾಲ್ಕಕ್ಕೂ ಹೊಸ ಸಿಲಿಂಡರೇ ತಾ. ಕಮ್ಮಿ ಬಿದ್ದರೆ ಹೇಳು’ ಎಂದ. ಒಂಬತ್ತು ತಿಂಗಳಲ್ಲಿ ಗಾಡಿಯ ಬಗ್ಗೆ ಅಪ್ಪ ಆಡಿದ ಮೊದಲ ಮಾತು ಅದು. ಮೇಸ್ತ್ರಿ ಮಾತ್ರ ಎರಡು ವಾರ ನನ್ನನ್ನು ಗ್ಯಾರೇಜಿಗೆ ಸೇರಿಸಲಿಲ್ಲ.

ಗ್ಯಾಪ್ ಯಾಕೆ ಬಂತು?

ಅದೇ ಸಮಯದಲ್ಲಿ ಒಂದು ಸಂದರ್ಶನಕ್ಕೆ ಹೋಗಿದ್ದೆ. ‘ಓದು ಮುಗಿದ ಮೇಲೆ ಇಷ್ಟು ದಿನ ಏನು ಮಾಡಿದಿರಿ?’ ಎಂದರು. ಗುಜರಿ ಗಾಡಿ ಎಂದು ಹೇಳಲು ನಾಚಿಕೆಯಾಗಿ ‘ಮನೆ ಕೆಲಸ ಇತ್ತು’ ಎಂದೆ. ಮಾತು ಅಲ್ಲಿಗೇ ಮುಗಿಯಿತು. ಎರಡನೇ ಸಂದರ್ಶನಕ್ಕೆ ನನ್ನ ನೋಟ್‌ಬುಕ್ಕನ್ನೇ ಒಯ್ದೆ. ಫೋಟೊ, ಬಿಡಿಭಾಗಗಳ ಪಟ್ಟಿ, ಖರ್ಚು, ಬ್ರೇಕ್ ಫೇಲಾದ ದಿನದ ಟಿಪ್ಪಣಿ, ಎಲ್ಲವೂ ಅದರಲ್ಲಿತ್ತು. ಅವರು ಅರ್ಧ ಗಂಟೆ ಆ ಬ್ರೇಕಿನ ಬಗ್ಗೆಯೇ ಕೇಳಿದರು. ತಪ್ಪು ನನ್ನದೇ ಎಂದೂ ಹೇಳಿದೆ. ಈಗ ಅಲ್ಲೇ ಬಿಡಿಭಾಗಗಳ ವಿಭಾಗದಲ್ಲಿ ಟ್ರೈನಿ. ಸಂಬಳ ದೊಡ್ಡದಲ್ಲ. ತಿಂಗಳಿಗೆ ಮೂರು ಸಾವಿರದಂತೆ ಅಪ್ಪನ ಸಾಲ ತೀರಿಸುತ್ತಿದ್ದೇನೆ.

ಲೆಕ್ಕ ಹೇಳಿಬಿಡುತ್ತೇನೆ. ಗಾಡಿಗೆ ಈವರೆಗೆ ಒಟ್ಟು 1.85 ಲಕ್ಷ ಹೋಗಿದೆ. ಮಾರಿದರೆ ಅಷ್ಟು ಬರುತ್ತದೆಂಬ ಭರವಸೆ ನನಗಿಲ್ಲ. ಆದ್ದರಿಂದ ಲಾಭಕ್ಕೆಂದು ಯಾರೂ ಇದಕ್ಕೆ ಇಳಿಯಬೇಡಿ. ಕೋಚಿಂಗ್ ದುಡ್ಡನ್ನಂತೂ ಮುಟ್ಟಲೇಬೇಡಿ. ಇಂಥ ಆಸೆಯಿದ್ದರೆ ಮೊದಲು ಆರು ತಿಂಗಳು ಯಾವುದಾದರೂ ಗ್ಯಾರೇಜಿನಲ್ಲಿ ಕೈ ಕೊಳೆ ಮಾಡಿಕೊಳ್ಳಿ.

ಗಾಡಿಯನ್ನು ಇನ್ನೂ ರಸ್ತೆಗೆ ಇಳಿಸಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಸ್ವಂತ ಬಳಕೆಯ ಗಾಡಿಗಳಿಗೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ನಂಬರಿನಲ್ಲಿ ‘ವಿಎ’ ಅಕ್ಷರ. ಆದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ನಮ್ಮ ಗಾಡಿಯ ವಯಸ್ಸು ಸರಿಯಿದೆ, ಆರ್‌ಸಿಯಲ್ಲಿರುವುದು ‘ಸರಕು ವಾಹನ’ ಎಂದು. ಹಾಗಾಗಿ ತೆರಿಗೆ ಬಾಕಿ ತೀರಿಸಿ ಫಿಟ್‌ನೆಸ್ ಸರ್ಟಿಫಿಕೇಟಿಗೆ ಓಡಾಡುತ್ತಿದ್ದೇನೆ. ‘ಎಫ್‌ಸಿ ಗಾಡಿಗೆ ಎಫ್‌ಸಿ ಇಲ್ಲ’ ಎಂದು ಗೆಳೆಯರು ನಗುತ್ತಾರೆ. ಅಲ್ಲಿಯವರೆಗೆ ನಮ್ಮ ತೋಟದೊಳಗೆ ಗೊಬ್ಬರ ಹೊರುವುದೇ ಅದರ ಕೆಲಸ.

ನಾನೀಗ ಇರುವುದು ಹಾಸನದ ಪಿ.ಜಿ.ಯಲ್ಲಿ. ವಾರಕ್ಕೊಮ್ಮೆ ರಾತ್ರಿ ಅಪ್ಪನ ಫೋನ್ ಬರುತ್ತದೆ. ಊಟ ಆಯ್ತಾ ಎಂದು ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾನೆ: ‘ಇವತ್ತು ಸ್ಟಾರ್ಟ್ ಮಾಡಿ ಇಟ್ಟಿದ್ದೆ. ಬ್ರೇಕ್ ಆಯಿಲ್ ನೋಡಿದ್ದೀನಿ, ಕಮ್ಮಿ ಆಗಿಲ್ಲ.’