ಡಿಜೈರ್, ಟೂರ್ ಎಸ್: ಒಂದೇ ಮನೆಯ ಎರಡು ಕಾರುಗಳಲ್ಲಿ ಯಾರಿಗೆ ಯಾವುದು ಸೂಕ್ತ?

ಬೆಂಗಳೂರು: ನಗರ ರೈಲು ನಿಲ್ದಾಣಕ್ಕೆ ಸಮೀಪವಿರುವ ಬಿನ್ನಿಪೇಟೆಯ ರಸ್ತೆಗಳಲ್ಲಿ ಒಂದೇ ಮೈಕಟ್ಟಿನ ಕಾರುಗಳು ಎರಡು ಬಗೆಯ ಫಲಕ ಹೊತ್ತು ಓಡಾಡುತ್ತವೆ. ಬಿಳಿ ಫಲಕದ್ದು ಮನೆಯ ಕಾರು, ಹಳದಿ ಫಲಕದ್ದು ಬಾಡಿಗೆ ಕಾರು. ಮಾರುತಿ ಸುಜುಕಿ ಸಂಸ್ಥೆಯ ಡಿಜೈರ್ ಮತ್ತು ಟೂರ್ ಎಸ್ ಇದಕ್ಕೆ ಉತ್ತಮ ನಿದರ್ಶನ. ಕೊಳ್ಳುವ ಮುನ್ನ ಇವೆರಡರ ವ್ಯತ್ಯಾಸ ಅರಿಯುವುದು ಅಗತ್ಯ.

ನಾಲ್ಕು ಮೀಟರಿನ ಗೆರೆ

ಈ ವರ್ಗದ ಕಾರುಗಳು ಹುಟ್ಟಿದ್ದೇ ತೆರಿಗೆಯ ಕಾರಣದಿಂದ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಲಾಯಿತು. ಉದ್ದ 4 ಮೀಟರ್ ಮೀರಬಾರದು ಎಂಬುದು ಷರತ್ತು. 2008ರಲ್ಲಿ ಬಂದ ಮೊದಲ ಸ್ವಿಫ್ಟ್ ಡಿಜೈರ್ 4,160 ಮಿ.ಮೀ. ಉದ್ದವಿತ್ತು, ಡಿಕ್ಕಿಯ ಸಾಮರ್ಥ್ಯ 440 ಲೀಟರ್. 2012ರ ಎರಡನೇ ಪೀಳಿಗೆಯನ್ನು 3,995 ಮಿ.ಮೀ.ಗೆ ಮೊಟಕುಗೊಳಿಸಿದಾಗ ಡಿಕ್ಕಿ 316 ಲೀಟರಿಗೆ ಕುಗ್ಗಿತು. ತೆರಿಗೆಯಲ್ಲಿ ಉಳಿದದ್ದನ್ನು ಗ್ರಾಹಕರು ಸಾಮಾನಿನ ಜಾಗದಲ್ಲಿ ತೆತ್ತರು ಎನ್ನಬಹುದು. ಈಗಿನ ಡಿಜೈರ್‌ನಲ್ಲಿ ಅದು 382 ಲೀಟರ್.

ಆ ಗೆರೆ ಇಂದಿಗೂ ಅಳಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಹಾಗೂ 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ ಶೇ 18. ಅದನ್ನು ಮೀರಿದವಕ್ಕೆ ಶೇ 40.

ಒಂದು ಪೀಳಿಗೆಯ ಅಂತರ

2017ರಲ್ಲಿ ಮೂರನೇ ಪೀಳಿಗೆಯ ಡಿಜೈರ್ ಬಂದಾಗ ಎರಡನೆಯದು ಟ್ಯಾಕ್ಸಿ ವ್ಯವಹಾರಕ್ಕೆಂದು ಟೂರ್ ಎಸ್ ಹೆಸರಿನಲ್ಲಿ ಮುಂದುವರಿಯಿತು. 2023ರ ಫೆಬ್ರುವರಿಯಲ್ಲಿ ಟೂರ್ ಎಸ್ ಮೂರನೇ ಪೀಳಿಗೆಯ ಮೈ ಪಡೆಯಿತು. 2024ರ ನವೆಂಬರ್‌ನಲ್ಲಿ ಡಿಜೈರ್ ನಾಲ್ಕನೇ ಪೀಳಿಗೆಗೆ ಜಿಗಿಯಿತು.

ಹೊಸ ಡಿಜೈರ್‌ನದು ಮೂರು ಸಿಲಿಂಡರಿನ ಎಂಜಿನ್. 2023ರ ಟೂರ್ ಎಸ್‌ನದು ನಾಲ್ಕು ಸಿಲಿಂಡರಿನದು. ಕಂಪನಿ ಘೋಷಿಸಿದ ಮೈಲೇಜ್ ಪೆಟ್ರೋಲಿನಲ್ಲಿ ಕ್ರಮವಾಗಿ 24.79 ಮತ್ತು 23.15 ಕಿ.ಮೀ.; ಸಿಎನ್‌ಜಿಯಲ್ಲಿ ಕೆ.ಜಿ.ಗೆ 33.73 ಮತ್ತು 32.12 ಕಿ.ಮೀ. ಸಾವಿರ ಕಿ.ಮೀ. ಓಡಿದರೆ ಪೆಟ್ರೋಲಿನಲ್ಲಿ ಸುಮಾರು 3 ಲೀಟರ್, ಸಿಎನ್‌ಜಿಯಲ್ಲಿ ಒಂದೂವರೆ ಕೆ.ಜಿ. ಮಾತ್ರ ವ್ಯತ್ಯಾಸ. ಆದ್ದರಿಂದ ಮೈಲೇಜ್ ಒಂದನ್ನೇ ನೋಡಿ ತೀರ್ಮಾನಿಸುವುದು ಜಾಣತನವಲ್ಲ. ಸಿಎನ್‌ಜಿ ಆಯ್ದುಕೊಂಡರೆ ಸಿಲಿಂಡರ್ ಡಿಕ್ಕಿಯ ಬಹುಪಾಲು ಆಕ್ರಮಿಸುತ್ತದೆ ಎಂಬುದನ್ನೂ, ವಿಶೇಷವಾಗಿ ರೈಲು ಪ್ರಯಾಣಿಕರನ್ನು ನೆಚ್ಚಿದ ಚಾಲಕರು, ಮರೆಯಬಾರದು.

ಸುರಕ್ಷತೆ

ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ನಾಲ್ಕನೇ ಪೀಳಿಗೆಯ ಡಿಜೈರ್ 2024ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಐದು, ಮಕ್ಕಳ ರಕ್ಷಣೆಗೆ ನಾಲ್ಕು ತಾರೆ ಗಳಿಸಿತು. ಆರು ಏರ್‌ಬ್ಯಾಗ್ ಎಲ್ಲ ಮಾದರಿಗಳಲ್ಲೂ ಇವೆ. 2023ರಲ್ಲಿ ಬಿಡುಗಡೆಯಾದಾಗ ಟೂರ್ ಎಸ್‌ನಲ್ಲಿದ್ದದ್ದು ಎರಡು. ತಾರೆಗಳು ಪರೀಕ್ಷೆಗೊಳಗಾದ ಮೈಕಟ್ಟಿಗೆ ಸಲ್ಲುತ್ತವೆಯೇ ಹೊರತು ಹೆಸರಿಗಲ್ಲ. ಹಳೆಯ ಪೀಳಿಗೆಯ ಕಾರನ್ನು ‘ಐದು ತಾರೆಯ ಡಿಜೈರ್’ ಎಂದು ಯಾರಾದರೂ ಮಾರಲು ಬಂದರೆ ನಂಬಬೇಕಿಲ್ಲ.

ಯಾರಿಗೆ ಯಾವುದು?

ದಿನವಿಡೀ ಬಾಡಿಗೆ ಓಡಿಸುವವರಿಗೆ ಆರಂಭಿಕ ಬೆಲೆ, ಸಾಲದ ಕಂತು ಮುಖ್ಯ. ಅವರಿಗೆಂದೇ ರೂಪಿಸಿದ ಟೂರ್ ಎಸ್ ಸಹಜ ಆಯ್ಕೆ. ಆದರೆ ಪರವಾನಗಿ, ಗಂಟೆಗೆ 80 ಕಿ.ಮೀ. ವೇಗ ನಿಯಂತ್ರಕ ಹಾಗೂ ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಬಳಿಕ ಪ್ರತಿ ವರ್ಷ ಅರ್ಹತಾ ಪ್ರಮಾಣಪತ್ರ ಕಡ್ಡಾಯ. ಖಾಸಗಿ ಡಿಜೈರ್ ಕೊಂಡು ಬಿಳಿ ಫಲಕದಲ್ಲೇ ಬಾಡಿಗೆ ಓಡಿಸುವುದು ಕಾನೂನುಬಾಹಿರ; ಅಪಘಾತವಾದರೆ ವಿಮೆ ಪರಿಹಾರವೂ ಕೈತಪ್ಪಬಹುದು. ಕುಟುಂಬದ ಬಳಕೆಗಾದರೆ ಹೊಸ ಡಿಜೈರ್ ಲೇಸು.

ಹಳೆಯ ಕಾರು ಕೊಳ್ಳುವವರು ನೋಂದಣಿ ಪತ್ರದಲ್ಲಿ ವಾಹನದ ವರ್ಗ ಮತ್ತು ತಯಾರಿಕೆಯ ವರ್ಷವನ್ನು ತಪ್ಪದೆ ಪರಿಶೀಲಿಸಬೇಕು. ಹಳದಿಯಿಂದ ಬಿಳಿಗೆ ಬದಲಾದ ಕಾರಾದರೆ ಪರವಾನಗಿ ಹಿಂತಿರುಗಿಸಿದ ಹಾಗೂ ತೆರಿಗೆ ಪಾವತಿಸಿದ ದಾಖಲೆ ಕೇಳಿ ಪಡೆಯಬೇಕು. ಬಾಡಿಗೆಗೆ ಓಡಿದ ಕಾರು ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಕಿ.ಮೀ. ಸವೆದಿರುವ ಸಾಧ್ಯತೆ ಇರುತ್ತದೆ. ಹೊಸ ಬಣ್ಣ ಅದನ್ನು ಮರೆಮಾಚಬಲ್ಲದು, ದಾಖಲೆ ಮರೆಮಾಚದು.